ಸುಮ್ನೆ ಬಿದ್ದಿತ್ತಂತೆ!

ನಿನ್ನೆಯಿಂದ ತಲೆ ಕುದಿಯುತ್ತಿದೆ. ಇಲ್ಲೇ ಕಾರಿಕೊಂಡುಬಿಡುತ್ತೇನೆ, ಸ್ವಲ್ಪ ತಡೆದುಕೊಳ್ಳಿ.

ಹೋದ ವಾರ ನನ್ನ ಕ್ರೋಶಾ (ಒಂದೇ ಹುಕ್ಕಿನಲ್ಲಿ ದಾರ ಹೆಣೆಯೋದು) ಬ್ಯಾಗಿನ ಫೋಟೋ ಹಾಕಿದ್ದೆನಲ್ಲ, ಅದೇ, ಒಂಬತ್ತು ಬಣ್ಣದ್ದು, ಮಣಿ ಕೂರಿಸಿ ಕುಚ್ಚು ಬಿಟ್ಟಿದ್ದು. ನಿನ್ನೆ ಅದನ್ನು ಹೆಗಲಿಗೆ ಹಾಕಿಕೊಂಡು ಹೋಗಿದ್ದೆ. ಹಳೆಯ ಗೆಳತಿಯೊಬ್ಬಳು ಸಿಕ್ಕಳು. ಹಿಂದೆ ಮುಂದೆ ತಿರುಗಿಸಿ ನೋಡಿ, "ಅಯ್ಯೋ, ಎಷ್ಟು ಚೆನ್ನಾಗಿದೆ ಕಣೇ" ಅಂದಳು. ನಾನು ಉಬ್ಬಿದೆ. ಉಬ್ಬಿದವಳು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಉಳಿದ ಉಲ್ಲನ್‌ನಲ್ಲಿ ಮಾಡಿದ್ದು" ಅಂದುಬಿಟ್ಟೆ.

"ಓ, ಸುಮ್ನೆ ಬಿದ್ದಿತ್ತಾ? ಹಾಗಾದ್ರೆ ಪುಕ್ಕಟೆ ಆಯ್ತಲ್ಲ! ನಂಗೂ ಒಂದು ಹಾಕ್ಕೊಡು. ನಮ್ಮ ನಾದಿನಿಗೂ ಒಂದು."

ಸುಮ್ನೆ ಬಿದ್ದಿದ್ದು ಉಲ್ಲನ್, ತಾಯಿ, ನಾನಲ್ಲ.

ಲೆಕ್ಕ ಹೇಳುತ್ತೇನೆ ಕೇಳಿ. ಬ್ಯಾಗಿನ ತಳ ದುಂಡಗಿದೆ. ಆರು ಹೊಲಿಗೆಯಿಂದ, ಅಂದರೆ ಹುಕ್ಕಿನಲ್ಲಿ ಹಾಕುವ ಆರು ಕುಣಿಕೆಯಿಂದ ಶುರು, ಪ್ರತಿ ಸುತ್ತಿಗೂ ಆರು ಜಾಸ್ತಿ. 6, 12, 18, ಹೀಗೆ ಹದಿನಾಲ್ಕನೇ ಸುತ್ತಿಗೆ 84. ಆರು ಸೇರಿಸೋದು ಮರೆತರೆ ತಳ ಬಟ್ಟಲಾಗುತ್ತದೆ, ಹೆಚ್ಚು ಸೇರಿಸಿದರೆ ಅಂಚು ನೆರಿಗೆ ಬೀಳುತ್ತದೆ. ಆಮೇಲೆ ಗೋಡೆ, 84 ಹೊಲಿಗೆಯ 40 ಸುತ್ತು. ಎಲ್ಲ ಕೂಡಿದರೆ 3990. ಹೆಗಲ ಪಟ್ಟಿ ಬೇರೆ, ಕುಚ್ಚು ಬೇರೆ. ಬಿಚ್ಚಿ ಮತ್ತೆ ಹಾಕಿದ್ದು ಲೆಕ್ಕಕ್ಕೇ ಇಲ್ಲ.

ಇದು ಹೊಸ ಉಲ್ಲನ್ ತಂದಿದ್ದರೂ ಅಷ್ಟೇ ಅನ್ನಬಹುದು. ಅಲ್ಲ. ಉಳಿದದ್ದರಲ್ಲಿ ಮಾಡೋದು ಇನ್ನೂ ಕಷ್ಟ. ಹೊಸ ಉಂಡೆಯಾದರೆ ಎಷ್ಟು ಎಂಎಂ ಹುಕ್ ಬೇಕು ಅಂತ ಲೇಬಲ್‌ನಲ್ಲೇ ಇರುತ್ತದೆ. ಉಳಿದ ಉಂಡೆಗೆ ಲೇಬಲ್ ಎಲ್ಲಿರುತ್ತೆ? ಯಾವುದು ನಿಜವಾದ ಉಣ್ಣೆ, ಯಾವುದು ಅಕ್ರಿಲಿಕ್ ಅನ್ನೋ ಕೃತಕ ದಾರ ಅಂತ ಗೊತ್ತಾಗದೆ, ಒಂದೊಂದರ ತುಂಡು ಕತ್ತರಿಸಿ ಬೆಂಕಿ ತಾಗಿಸಿ ನೋಡಿದ್ದೇನೆ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ, ಕರಗಿ ಗಟ್ಟಿ ಗುಂಡಾದರೆ ಅಕ್ರಿಲಿಕ್. ಹುಚ್ಚಲ್ಲ ಇದು. ಒಗೆದಾಗ ಉಣ್ಣೆಯ ಪಟ್ಟೆ ಮಾತ್ರ ಕುಗ್ಗಿ ಬ್ಯಾಗಿಗೆ ಸೊಂಟ ಬಂದುಬಿಟ್ಟರೆ? ತೆಳು ದಾರ ಬಂದಾಗಲೂ ಅದೇ ಕಾಟ. ಅದೇ 84 ಹೊಲಿಗೆ, ಆದರೆ ಅಲ್ಲಿ ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ತೆಳು ದಾರಗಳನ್ನೆಲ್ಲ ಎರಡೆಳೆ ಮಾಡಿಕೊಂಡೆ. ಒಂದು ಸುತ್ತು ಹಾಕಿ, ಬಿಚ್ಚಿ, ಅಳೆದೆ. ಸುಮಾರು 2.5 ಮೀಟರ್ ತಿನ್ನುತ್ತಿತ್ತು. ಸಾಸಿವೆ ಬಣ್ಣದ್ದು ಎಷ್ಟು ಸುತ್ತಿಗೆ ಸಾಕಾಗುತ್ತೆ ಅಂತ ರಾತ್ರಿ ಟೇಪು ಹಿಡಿದು ಕೂತಿದ್ದೆ. ಸುಮ್ನೆ ಬಿದ್ದಿದ್ದಕ್ಕೆ!

ಇನ್ನು ಮಣಿ. ಏಳು ಹೊಲಿಗೆಗೊಂದು, ಸುತ್ತಿಗೆ 12, ಹತ್ತು ಸುತ್ತು. ಒಟ್ಟು 120 ಮಣಿ. ಇವನ್ನು ಮುಗಿದ ಮೇಲೆ ಹೊಲಿದಿದ್ದಲ್ಲ. ಹೆಣೆಯುವ ಮೊದಲೇ ದಾರಕ್ಕೆ ಪೋಣಿಸಿಕೊಂಡು, ಬೇಕಾದಲ್ಲಿ ಒಂದೊಂದೇ ಮೇಲೆ ತಳ್ಳಿ ಹೊಲಿಗೆ ಹಾಕಬೇಕು. ಕೊನೆಯಲ್ಲಿ ಪೋಣಿಸಿದ ಮಣಿ ಮೊದಲು ಬರುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೆಂಪು ಬಿಳಿ ಉಲ್ಟಾ ಪೋಣಿಸಿದೆ. ಅಷ್ಟೇ ಅಲ್ಲ, ನಾನು ಹಾಕುತ್ತಿದ್ದ ಸಿಂಗಲ್ ಕ್ರೋಶಾ ಅನ್ನೋ ಗಿಡ್ಡ ಹೊಲಿಗೆಯಲ್ಲಿ ಮಣಿ ಕೂರೋದು ಹಿಂಬದಿಗೆ. ಮೊದಲ ಎರಡು ಸುತ್ತಿನ ಮಣಿ ಚೆಂದಾಗಿ ಬ್ಯಾಗಿನ ಒಳಗೆ, ಯಾರಿಗೂ ಕಾಣದಂತೆ ಕೂತಿದ್ದವು. ಆಗ ನಾನು ಬೈದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ. ಬಿಚ್ಚಿದೆ. ಮತ್ತೆ ಪೋಣಿಸಿದೆ. ಬ್ಯಾಗನ್ನು ಒಳಗು ಹೊರಗು ಮಾಡಿಕೊಂಡು ಹಾಕಿದೆ.

"ಅಂಗಡೀಲೂ ಇಂಥದ್ದೇ ಸಿಗುತ್ತಪ್ಪ, ಎಷ್ಟು ಕಮ್ಮಿಗೆ" ಅಂತಲೂ ಅಂದಳು. ಸಿಗುತ್ತದೆ, ಇಲ್ಲ ಅನ್ನಲ್ಲ. ಆದರೆ ಎರಡು ಕಡ್ಡಿಯ ಹೆಣಿಗೆಗೆ 1589ರಲ್ಲೇ ಇಂಗ್ಲೆಂಡಿನ ವಿಲಿಯಂ ಲೀ ಯಂತ್ರ ಕಟ್ಟಿದ. ಕ್ರೋಶಾಗೆ ಅಂಗಡಿ ತುಂಬಿಸುವಂಥ ಯಂತ್ರ ಇವತ್ತಿಗೂ ಇಲ್ಲ. ಒಂದೊಂದು ಹೊಲಿಗೆಗೂ ಹುಕ್ಕು ಹಿಂದಿನ ಸುತ್ತಿನೊಳಗೆ ನುಗ್ಗಿ ದಾರ ಎಳೆದು ತರಬೇಕು, ಅದೂ ಒಂದಾದ ಮೇಲೆ ಒಂದು. ಅಂದರೆ ಆ ಕಮ್ಮಿಯ ಬ್ಯಾಗು ನಿಜವಾದ ಕ್ರೋಶಾ ಆಗಿದ್ದರೆ ಅದನ್ನೂ ಯಾರೋ ಕೈಯಲ್ಲೇ ಹಾಕಿದ್ದಾರೆ. ಅವರಿಗೆ ಎಷ್ಟು ಸಿಕ್ಕಿರಬಹುದು? ಅವರೂ ಸುಮ್ನೆ ಬಿದ್ದಿದ್ದರಾ?

"ಖುಷಿಗೆ ತಾನೇ ಮಾಡ್ತೀಯ" ಅನ್ನೋರಿಗೆ ನನ್ನ ಹತ್ತಿರ ಉತ್ತರ ಇಲ್ಲ. ಖುಷಿಗೇ ಮಾಡ್ತೀನಿ. ಆದರೆ ನನ್ನ ಖುಷಿಗೆ ಮಾಡ್ತೀನಿ, ನಿನ್ನ ನಾದಿನಿಯ ಖುಷಿಗಲ್ಲ. 1840ರ ದಶಕದ ಕೊನೆಗೆ ಆಲೂಗಡ್ಡೆ ಬೆಳೆ ಕೊಳೆತು ಐರ್ಲೆಂಡ್ ಹಸಿದಾಗ ಇದೇ ಹುಕ್ಕು ಹಿಡಿದು ಲೇಸು ಹಾಕಿ ಮನೆ ನಡೆಸಿದ ಹೆಂಗಸರಿದ್ದರು. ಅವರ ಲೇಸನ್ನು ಯಾರೂ ಪುಕ್ಕಟೆ ಕೇಳಿರಲಿಕ್ಕಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಒಪ್ಪಿಕೊಳ್ಳಬೇಕು. ನನ್ನ ಹಳದಿ ಸ್ವೆಟರ್ ಕಥೆ ಗೊತ್ತಿರೋರು ಹೇಗೂ ಕೇಳೇ ಕೇಳ್ತೀರಿ. ಹೌದು, ಬ್ಯಾಗಿನ ಆ ಹಳದಿ "ಉಳಿದದ್ದು" ಅಲ್ಲ. ಸ್ವೆಟರ್ ಒಂದು ತೋಳಿಗೇ ನಿಂತಿತ್ತು, ಬಿಚ್ಚಿಬಿಟ್ಟೆ. ಮತ್ತೆ, ಉಳಿದ ಬಣ್ಣಗಳಿಗೆ ಹೊಂದೋದು ಇರಲಿಲ್ಲ ಅಂತ ಮೂರು ಹೊಸ ಉಂಡೆ ತಂದೆ. ಅದರಲ್ಲಿ ಎರಡೂವರೆ ಈಗ ಪೆಟ್ಟಿಗೆಯಲ್ಲಿ ಉಳಿದಿವೆ. ಖಾಲಿ ಮಾಡೋಕೆ ಹೋಗಿ ತುಂಬಿಸಿಕೊಂಡು ಬಂದವಳು ನಾನು.

ಇನ್ನೊಂದು. 16 ಸಲ ಬಣ್ಣ ಬದಲಾಯಿತು, ಸಲಕ್ಕೆ ಎರಡು ಬಾಲ, ಅಂದರೆ ಕತ್ತರಿಸಿದ ದಾರದ ತುದಿ. ಶುರುವಿನದು, ಕೊನೆಯದು ಸೇರಿ 34. ಎಲ್ಲವನ್ನೂ ಸೂಜಿಯಲ್ಲಿ ಒಳಗೆ ಸೇರಿಸಬೇಕು. ನನಗೆ ಜೀವ ಹೋಗುವಷ್ಟು ಬೇಜಾರಿನ ಕೆಲಸ. 23 ಸೇರಿಸಿದೆ. ಉಳಿದ ಹನ್ನೊಂದಕ್ಕೆ ಬಿಗಿಯಾಗಿ ಗಂಟು ಹಾಕಿ ಮೇಲೆ ಲೈನಿಂಗ್ ಹೊಲಿದುಬಿಟ್ಟಿದ್ದೇನೆ. ಯಾರೂ ಒಳಗೆ ಕೈ ಹಾಕಿ ನೋಡಬೇಡಿ.

ಬೆಳಿಗ್ಗೆ ಆಕೆಯ ಮೆಸೇಜ್ ಬಂತು. "ನಂದು ನೀಲಿ, ನಾದಿನಿಗೆ ಗುಲಾಬಿ. ಮಣಿ ಜಾಸ್ತಿ ಇರಲಿ." ಬೈಯೋಣ ಅಂತ ಟೈಪ್ ಮಾಡಿ ಅಳಿಸಿದೆ. ಆಮೇಲೆ ಬರೆದೆ: "ಆಯ್ತು ಕಣೇ. ನಿನ್ನ ಭಾನುವಾರ ಸುಮ್ನೆ ಬಿದ್ದಿದ್ರೆ ಬಾ. ಹೊಲಿಗೆ ನಂದು, ಬಾಲ ಸೇರಿಸೋದು ನಿಂದು."

ನೀಲಿ ಟಿಕ್ ಎರಡೂ ಬಂದಿವೆ. ಉತ್ತರ ಇನ್ನೂ ಬಂದಿಲ್ಲ.