ತಪಸ್ಸುಕಾಲದ ಉಪವಾಸ: ಒಂದು ಸ್ಪಷ್ಟನೆ

ಈಸ್ಟರ್ ಹಬ್ಬಕ್ಕೆ ಮುಂಚಿನ ಪ್ರಾರ್ಥನೆ, ಉಪವಾಸಗಳ ಕಾಲವೇ ತಪಸ್ಸುಕಾಲ. ‘ತಪಸ್ಸುಕಾಲದ ನಲವತ್ತೂ ದಿನ ಕ್ಯಾಥೊಲಿಕರು ಹಗಲು ಏನನ್ನೂ ತಿನ್ನಬಾರದು, ವಯಸ್ಸಾದವರಿಗೂ ರೋಗಿಗಳಿಗೂ ವಿನಾಯಿತಿಯಿಲ್ಲ’ ಎಂಬ ಸಂದೇಶ ಬೆಳಗಾವಿಯ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಕ್ಯಾಥೊಲಿಕ್ ಧರ್ಮಸಭೆಯ ನಿಯಮದಂತೆ ಕಡ್ಡಾಯ ಉಪವಾಸ ಎರಡೇ ದಿನ: ಬೂದಿ ಬುಧವಾರ (ಹಣೆಗೆ ಬೂದಿ ಹಚ್ಚಿ ತಪಸ್ಸುಕಾಲ ಆರಂಭಿಸುವ ದಿನ) ಮತ್ತು ಶುಭ ಶುಕ್ರವಾರ (ಯೇಸುವಿನ ಶಿಲುಬೆ ಮರಣವನ್ನು ನೆನೆಯುವ ದಿನ). ಅದೂ 18 ವರ್ಷ ತುಂಬಿದಲ್ಲಿಂದ 59 ತುಂಬುವವರೆಗೆ ಮಾತ್ರ. ಅಂದು ಒಂದು ಹೊತ್ತು ಪೂರ್ಣ ಊಟ ಮಾಡಬಹುದು. ಉಳಿದ ಎರಡು ಹೊತ್ತು ಸ್ವಲ್ಪ ತಿನ್ನಲೂ ಅಡ್ಡಿಯಿಲ್ಲ. 14 ತುಂಬಿದವರು ಬೂದಿ ಬುಧವಾರ ಮತ್ತು ಈ ಕಾಲದ ಶುಕ್ರವಾರಗಳಂದು ಮಾಂಸ ಬಿಡುತ್ತಾರೆ. ಕಾಯಿಲೆಯವರಿಗೆ, ಗರ್ಭಿಣಿಯರಿಗೆ ಒತ್ತಾಯವಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಓಣಿಯ ಅಜ್ಜಿಯೊಬ್ಬರು ಈ ಸಂದೇಶ ನಂಬಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಊಟ ಬಿಟ್ಟು ಕುಳಿತಿದ್ದರು. ಹಣೆಯ ಮೇಲೆ ಬೂದಿಯ ಶಿಲುಬೆ, ಬೆವರಿದ ಮುಖ, ನಡುಗುವ ಕೈ. ತಟ್ಟೆಯಲ್ಲಿ ಜೋಳದ ರೊಟ್ಟಿ ಮುಟ್ಟದೇ ಒಣಗಿತ್ತು. ‘ಅಜ್ಜಿ, ದೇವರು ಇದನ್ನು ಕೇಳಿಲ್ಲ, ಮೊದಲು ಊಟ ಮಾಡಿ’ ಎಂದು ಕೈಗೆ ತುತ್ತು ಕೊಡಬೇಕಾಯಿತು. ಹಸಿದವರೊಂದಿಗೆ ರೊಟ್ಟಿ ಹಂಚಿಕೊಳ್ಳುವುದೇ ತನಗೆ ಇಷ್ಟವಾದ ಉಪವಾಸ ಎಂದು ದೇವರು ಹೇಳುವುದು ಬೈಬಲ್ಲಿನ ಯೆಶಾಯನ ಗ್ರಂಥದ 58ನೇ ಅಧ್ಯಾಯದಲ್ಲಿದೆ. ಸಂದೇಶ ಕಳುಹಿಸುವವರು ಅದನ್ನೊಮ್ಮೆ ಓದಲಿ.

ಅದೇ ಸಂದೇಶದಲ್ಲಿ ‘ಕ್ಯಾಲೆಂಡರಿನಲ್ಲಿ 46 ದಿನ ಬರುತ್ತದೆ, ಲೆಕ್ಕವೇ ತಪ್ಪು’ ಎಂದೂ ಇದೆ. ಬೂದಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ, ಅಂದರೆ ಈಸ್ಟರ್‌ನ ಹಿಂದಿನ ದಿನದವರೆಗೆ, 46 ದಿನ ನಿಜ. ನಡುವಿನ ಆರು ಭಾನುವಾರಗಳು ಯೇಸುವಿನ ಪುನರುತ್ಥಾನವನ್ನು ನೆನೆಯುವ ದಿನಗಳಾದ್ದರಿಂದ ಉಪವಾಸದ ಲೆಕ್ಕಕ್ಕೆ ಸೇರುವುದಿಲ್ಲ. ಉಳಿಯುವುದು 40.