ಸರ್ವರ್ ಸಾಹೇಬ್ರ ಸಹಿ

ಮೊನ್ನೆ ರಾತ್ರಿ ನನ್ನ ಫೋನು ತಾನಾಗಿಯೇ ಅಪ್‌ಡೇಟ್ ಆಯಿತು. ಬೆಳಗ್ಗೆ ನೋಡಿದರೆ ಐಕಾನ್‌ಗಳು ಮೈಕೈ ತುಂಬಿಕೊಂಡು ದುಂಡಗಾಗಿವೆ. ಫೋನು ಮಾತ್ರ ಹಾಸಿಗೆ ಹಿಡಿದಿದೆ. ಎಳನೀರು ಕುಡಿದು ಸ್ಕ್ಯಾನ್ ಮಾಡಲು ಹೋದರೆ ಕಪ್ಪು ಪರದೆ. ಅಂಗಡಿಯವನು ಇನ್ನೂ ಮೂವರಿಗೆ ಕೆತ್ತಿಕೊಟ್ಟು ದುಡ್ಡು ಎಣಿಸಿಕೊಂಡ. ನನ್ನದಿನ್ನೂ ಕಪ್ಪೇ. ‘ನಾಳೆ ಕೊಡಿ ಸಾರ್’ ಅಂದ, ಸಾಲ ಕೇಳಲು ಬಂದವನನ್ನು ನೋಡುವ ಹಾಗೆ ನೋಡಿ.

ಹಳೇ ಆವೃತ್ತಿಗೆ ವಾಪಸ್ ಹೋಗಲು ಆಗಲ್ಲವಂತೆ. ‘ನಿಮ್ಮ ಸೇಫ್ಟಿಗೇ ಸಾರ್’ ಅಂದ ಸರ್ವಿಸ್ ಸೆಂಟರ್ ಹುಡುಗ. ಅದೇ ಉಸಿರಲ್ಲಿ ಎಕ್ಸ್‌ಚೇಂಜ್ ಆಫರ್ ಶುರುವಾಯಿತು.

ಈ ವಿದ್ಯೆಯಲ್ಲಿ ಆಪಲ್ ಹಿರಿಯಣ್ಣ. 2017ರ ಐಫೋನ್ ಕಥೆ ಗೊತ್ತಲ್ವಾ? ಬ್ಯಾಟರಿ ಸವೆದ ಫೋನುಗಳು ದಿಢೀರ್ ಅಂತ ಆಫ್ ಆಗುತ್ತಿದ್ದವು. ಐಒಎಸ್ 10.2.1 ಅನ್ನುವ ಅಪ್‌ಡೇಟಿನಲ್ಲಿ ಫೋನಿನ ಮಿದುಳಾದ ಪ್ರೊಸೆಸರ್‌ಗೇ ಕಡಿವಾಣ ಹಾಕಿ ನಿಧಾನ ಮಾಡಿದರು, ಜನರಿಗೆ ಬಿಡಿಸಿ ಹೇಳದೆ. ಎಂಥಾ ತಾಯಿ ಹೃದಯ! ಮುದುಕನಿಗೆ ಏದುಸಿರು ಬರಬಾರದು ಅಂತ ಕಾಲು ಕಟ್ಟಿ ಕೂರಿಸಿದ ಹಾಗೆ. ಬ್ಯಾಟರಿ ಬದಲಿಸಿದರೆ ಮುದುಕ ಮತ್ತೆ ಓಡುತ್ತಾನೆ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಡಿಸೆಂಬರ್‌ನಲ್ಲಿ ಗುಟ್ಟು ರಟ್ಟಾಯಿತು. ಕ್ಷಮೆ ಕೇಳಿ, 79 ಡಾಲರ್‌ನ ಬ್ಯಾಟರಿ ಬದಲಾವಣೆಯನ್ನು 29ಕ್ಕೆ ಇಳಿಸಿದರು.

ವಾಪಸ್ ಹೋಗುವ ದಾರಿ ಮುಚ್ಚುವ ವಿಧಾನ ಇನ್ನೂ ಚೆಂದ. ಐಫೋನ್‌ಗೆ ಯಾವ ಆವೃತ್ತಿ ಹಾಕಬೇಕಾದರೂ ಆಪಲ್ ಸರ್ವರ್ ಸಹಿ ಹಾಕಬೇಕು. ಹೊಸದು ಬಂದ ಸ್ವಲ್ಪ ದಿನಕ್ಕೆ ಹಳೆಯದಕ್ಕೆ ಸಹಿ ನಿಲ್ಲುತ್ತದೆ. ತಾಲೂಕು ಆಫೀಸು ಅಲೆದವರಿಗೆ ಸಹಿ ಅಂದರೇನು ಅಂತ ಹೇಳಬೇಕಾ? ಜಮೀನು ನಮ್ಮದು. ಪಹಣಿಯಲ್ಲಿ ಅಜ್ಜನ ಹೆಸರಿಗೆ ಒಂದು ಕೊಂಬು ಬಿಟ್ಟುಹೋಗಿದೆ, ಅಷ್ಟೇ. ಆ ಕೊಂಬಿಗೆ ಸಾಹೇಬ್ರ ಸಹಿ ಬೇಕು. ಸಾಹೇಬ್ರು ಮೀಟಿಂಗಲ್ಲಿದ್ದಾರೆ. ಮಧ್ಯಾಹ್ನ ಬನ್ನಿ. ಮಧ್ಯಾಹ್ನ ಸಾಹೇಬ್ರು ಫೀಲ್ಡಿಗೆ ಹೋಗಿದ್ದಾರೆ. ಆದರೂ ಅಲ್ಲೊಂದು ಅನುಕೂಲ ಇದೆ. ಗುಮಾಸ್ತರಿಗೆ ಟೀ ಕುಡಿಸಿ ‘ಏನಾದ್ರೂ ಮಾಡಿ ಅಣ್ಣ’ ಅನ್ನಬಹುದು. ಸರ್ವರ್‌ಗೆ ಯಾರು ಟೀ ಕುಡಿಸೋದು?

ಅಪ್‌ಡೇಟಿನಿಂದ ಫೋನು ನಿಧಾನವಾಗಬಹುದು ಅಂತ ಜನರಿಗೆ ಹೇಳದ್ದಕ್ಕೆ ಫ್ರಾನ್ಸ್ 2020ರಲ್ಲಿ ಆಪಲ್‌ಗೆ 2.5 ಕೋಟಿ ಯೂರೋ ದಂಡ ಹಾಕಿತು. ಜೊತೆಗೆ ಆಪಲ್‌ನದೇ ವೆಬ್‌ಸೈಟಿನಲ್ಲಿ ಒಂದು ತಿಂಗಳು ತಪ್ಪಿನ ಪ್ರಕಟಣೆ ಹಾಕಿಸಿತು. ಮೇಷ್ಟ್ರು ಬೋರ್ಡಿನ ಪಕ್ಕ ಕಿವಿ ಹಿಡಿಸಿ ನಿಲ್ಲಿಸಿದ ಹಾಗೆ. ಇಟಲಿಯವರು 2018ರಲ್ಲೇ ಆಪಲ್ ಜೊತೆ ಸ್ಯಾಮ್‌ಸಂಗ್‌ಗೂ ದಂಡದ ಬೆತ್ತ ಬೀಸಿದ್ದರು. ಬುದ್ಧಿ ಬಂತಾ? 2025ರ ಜನವರಿಯಲ್ಲಿ ಗೂಗಲ್ ತನ್ನ ಪಿಕ್ಸೆಲ್ 4ಎ ಫೋನಿಗೆ ಅಪ್‌ಡೇಟ್ ಕಳಿಸಿ ಕೆಲವರ ಫೋನಿನ ಬ್ಯಾಟರಿ ಸಾಮರ್ಥ್ಯ ಇಳಿಸಿತು. ವಾಪಸ್ ಹೋಗಲು ಬೇಕಾದ ಹಳೇ ಫೈಲುಗಳನ್ನೂ ವೆಬ್‌ಸೈಟಿನಿಂದ ಎತ್ತಿಟ್ಟಿತು. ಹತ್ತಿಸಿ ಏಣಿ ತೆಗೆಯುವುದು ಅಂದರೆ ಇದೇ.

ತಮಾಷೆ ಸಾಕು. ಈ ಫೋನಿಗೆ ಹದಿನೆಂಟು ತಿಂಗಳು ಇಎಂಐ ಕಟ್ಟಿದವನು ನಾನು. ಹಳೇ ಆವೃತ್ತಿಯಲ್ಲಿ ಅಪಾಯ ಇದ್ದರೆ ಕೆಂಪಕ್ಷರದಲ್ಲಿ ಬರೆಯಿರಿ, ಬೇಕಾದರೆ ಹೆಬ್ಬೆಟ್ಟು ಒತ್ತಿಸಿಕೊಳ್ಳಿ. ಆಮೇಲೆ ನನ್ನ ಪಾಡಿಗೆ ನನ್ನನ್ನು ಬಿಡಿ. ಪರದೆ ಮೇಲೆ ‘ಈಗ’, ‘ಆಮೇಲೆ’ ಅಂತ ಎರಡೇ ಬಟನ್. ‘ಬೇಡ’ ಅನ್ನುವ ಪದ ಇವರ ಭಾಷೆಯಲ್ಲೇ ಇಲ್ವಾ?

ಎಳನೀರಿನ ಬಾಕಿ ನಿನ್ನೆ ತೀರಿಸಿದೆ. ಹತ್ತರ ನೋಟು, ಆರು.