ಫೆಡರಲ್ ಕಾನೂನು ಬಂದರೆ ರಾಜ್ಯದ ಕಾನೂನು ರದ್ದಾಗುತ್ತಾ?

ಅಮೆರಿಕದಲ್ಲಿ ಫೆಡರಲ್ (ಅಂದರೆ ಕೇಂದ್ರದ) ಕಾನೂನು ಇರುವ ಕಡೆ ರಾಜ್ಯದ ಗ್ರಾಹಕ ಕಾನೂನು ನಡೆಯಲ್ಲ ಎಂಬ ಫಾರ್ವರ್ಡ್ ಆಗಾಗ ಬರುತ್ತದೆ. ಅದು ತಪ್ಪು. ಆದರೂ ಜನ ಅದನ್ನು ನಂಬುವುದು ಸಹಜ. ಎರಡೂ ಡಿಕ್ಕಿ ಹೊಡೆದರೆ ಫೆಡರಲ್ ಕಾನೂನೇ ಮೇಲು ಎಂದು ಅಲ್ಲಿನ ಸಂವಿಧಾನದ 6ನೇ ವಿಧಿ ಹೇಳುತ್ತದೆ. ಆದರೆ ಮೊದಲು ಡಿಕ್ಕಿ ಆಗಬೇಕು, ಅಲ್ವಾ?

ಸಾಲ ವಸೂಲಿಯ 1977ರ ಫೆಡರಲ್ ಕಾನೂನನ್ನೇ ನೋಡಿ. ರಾಜ್ಯದ ಕಾನೂನು ಗ್ರಾಹಕರಿಗೆ ಇನ್ನೂ ಜಾಸ್ತಿ ರಕ್ಷಣೆ ಕೊಟ್ಟರೆ ಅದು ವಿರೋಧವಲ್ಲ ಎಂದು ಅದರಲ್ಲೇ ಬರೆದಿದೆ. ಫೆಡರಲ್ ಕಾನೂನಿನ ಕಣ್ಣು ಮುಖ್ಯವಾಗಿ ವಸೂಲಿ ಏಜೆನ್ಸಿಗಳ ಮೇಲೆ. ಕ್ಯಾಲಿಫೋರ್ನಿಯಾದ ಕಾನೂನು ಸಾಲ ಕೊಟ್ಟವರನ್ನೂ ಹಿಡಿಯುತ್ತದೆ. ಎರಡೂ ಒಟ್ಟಿಗೇ ಜಾರಿಯಲ್ಲಿವೆ.

ವಿಮಾನದ ಕಥೆ ಬೇರೆ. ಟಿಕೆಟ್ ದರ, ಮಾರ್ಗ, ಸೇವೆಯ ವಿಷಯಕ್ಕೆ ರಾಜ್ಯಗಳು ಕೈಹಾಕದಂತೆ 1978ರ ಕಾನೂನು ನೇರವಾಗಿ ತಡೆಯುತ್ತದೆ. ಫಾರ್ವರ್ಡ್‌ನಲ್ಲಿರುವ ಅರ್ಧ ಸತ್ಯ ಇಂಥ ಕಡೆಯಿಂದ ಬಂದಿರಬಹುದು.

ಇದನ್ನು ಪರೀಕ್ಷಿಸಲು ವಕೀಲರೇ ಬೇಕಿಲ್ಲ. ಫೆಡರಲ್ ಕಾನೂನುಗಳ ಪಠ್ಯ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. 'ರಾಜ್ಯದ ಕಾನೂನುಗಳ ಜೊತೆ ಸಂಬಂಧ' ಎಂಬಂಥ ಕಲಂ ಹುಡುಕಿ. ಸಾಲ ವಸೂಲಿಗೆ ಅದು 1692ಎನ್. ಎರಡೇ ವಾಕ್ಯ, ಒಂದು ನಿಮಿಷದ ಓದು.